ಎಂಟನೇ ಕ್ಲಾಸಿನ ಮಗಳಿಗೆ ರಾಜಗಡದ ಬುಡದಲ್ಲಿ ನಾಲ್ಕು ರಾತ್ರಿ ಶಾಲಾ ಶಿಬಿರ: ಶಾಲೆಯ ಪಟ್ಟಿಯಲ್ಲಿ ಇಲ್ಲದ್ದು ಏನೇನು?

ವಾರಜೆ_ಅಮ್ಮ | ಸೋಮವಾರ, ರಾತ್ರಿ 9:40

ಪುಣೆ ಕನ್ನಡಿಗರಿಗೆಲ್ಲ ನಮಸ್ಕಾರ. ಮಗಳ ಶಾಲೆಯಿಂದ ಡಿಸೆಂಬರ್ ಎರಡನೇ ವಾರ ಶಿಬಿರ ಇದೆ. ನಾಲ್ಕು ರಾತ್ರಿ, ಐದು ಹಗಲು. ಜಾಗ ವೇಲ್ಹೆ ಕಡೆ, ರಾಜಗಡ ಕೋಟೆಯ ಬುಡದ ಹಳ್ಳಿ. ಮಲಗೋದು ಡೇರೆಯಲ್ಲಿ. ಒಂದು ದಿನ ಕೋಟೆ ಹತ್ತೋದು, ಒಂದು ದಿನ ರ‍್ಯಾಪೆಲಿಂಗ್ (ಹಗ್ಗದ ಮೇಲೆ ಬಂಡೆ ಇಳಿಯೋದು), ಒಂದು ದಿನ ಹಿನ್ನೀರಿನಲ್ಲಿ ಡ್ರಮ್ಮು, ಬಿದಿರು ಕಟ್ಟಿ ತೆಪ್ಪ ಮಾಡಿ ತೇಲಿಸೋದು. ಫೋನ್ ಒಯ್ಯುವ ಹಾಗಿಲ್ಲ.

ಶಾಲೆಯವರು ಕೊಟ್ಟ ಪಟ್ಟಿ ಇಷ್ಟೇ: ಶೂ, ಟಾರ್ಚು, ಸ್ವೆಟರ್, ನೀರಿನ ಬಾಟಲಿ, ತಟ್ಟೆ-ಲೋಟ, ಟೋಪಿ, 'ಅಗತ್ಯ ಔಷಧಿ'. ನನ್ನ ಪ್ರಶ್ನೆ ಎರಡು. ಇಂಥ ಶಿಬಿರದಲ್ಲಿ ಮಕ್ಕಳಿಗೆ ನಿಜವಾಗಿ ಕಷ್ಟ ಆಗೋದು ಎಲ್ಲಿ? ಆಯೋಜಕರನ್ನ ನಾವು ಏನೇನು ಕೇಳಿ ತಿಳ್ಕೋಬೇಕು? 'ಕಳಿಸ್ರಿ, ಮಕ್ಕಳು ಗಟ್ಟಿ ಆಗ್ತಾವೆ' ಅನ್ನೋ ಉತ್ತರ ಮನೆಯಲ್ಲೇ ಬೇಕಾದಷ್ಟು ಸಿಕ್ಕಿದೆ. ಗೊತ್ತಿರೋರು ವಿವರವಾಗಿ ಹೇಳಿ.

ಗಡವಾಟೆ | ರಾತ್ರಿ 9:58

ಶೂ ಯಾವುದು? ಹೊಸದಾ, ಅಟ್ಟದ ಮೇಲಿಂದ ಇಳಿಸಿದ್ದಾ? ಮೊದಲು ಅದನ್ನ ಹೇಳಿ.

ವಾರಜೆ_ಅಮ್ಮ | ರಾತ್ರಿ 10:02

ಅಣ್ಣಂದು ಒಂದು ಜೊತೆ ಟ್ರೆಕ್ಕಿಂಗ್ ಶೂ ಇದೆ. ಮೂರು ವರ್ಷದಿಂದ ಡಬ್ಬದಲ್ಲೇ ಇದೆ, ನೋಡೋಕೆ ಹೊಸದರ ಹಾಗೇ ಇದೆ. ಅಳತೆ ಈಗ ಅವಳಿಗೆ ಸರಿಯಾಗುತ್ತೆ.

ಗಡವಾಟೆ | ರಾತ್ರಿ 10:21

ಅದೇ ಅಪಾಯ. ಶೂ ತಳದ ಮೇಲ್ಪದರ ಮೆತ್ತಗಿರುತ್ತಲ್ಲ, ಬಹಳಷ್ಟು ಶೂಗಳಲ್ಲಿ ಅದು ಪಾಲಿಯುರೆಥೇನ್ ಅನ್ನೋ ಫೋಮ್. ಗಾಳಿಯ ತೇವ ಅದನ್ನ ಒಳಗಿಂದ ತಿನ್ನುತ್ತೆ. ದಿನಾ ಹಾಕ್ಕೊಂಡು ಓಡಾಡಿದ ಶೂಗಿಂತ ಮೂರು ಮಳೆಗಾಲ ಡಬ್ಬದಲ್ಲಿ ಕೂತ ಶೂ ಬೇಗ ಹೋಗುತ್ತೆ. ಹೊರಗಿಂದ ಏನೂ ಕಾಣಲ್ಲ. ಗಡ ಹತ್ತುವಾಗ ಹಿಮ್ಮಡಿ ಕಡೆ ತಳ ಬಾಯಿ ಬಿಡುತ್ತೆ, ಹತ್ತು ನಿಮಿಷದಲ್ಲಿ ಪೂರ್ತಿ ಕಿತ್ತು ಬರುತ್ತೆ.

ಈಗಲೇ ನೋಡಿ. ತಳದ ಪಕ್ಕದ ಮೆತ್ತನೆ ಭಾಗಕ್ಕೆ ಹೆಬ್ಬೆರಳ ಉಗುರು ಒತ್ತಿ. ಸ್ಪಂಜಿನ ಹಾಗೆ ತಗ್ಗಿ ಮತ್ತೆ ಮೇಲೆದ್ದರೆ ಸರಿ. ಗುರುತು ಹಾಗೇ ಉಳಿದರೆ, ಸಣ್ಣ ಬಿರುಕು ಕಂಡರೆ, ಒಣಗಿದ ಬೆಲ್ಲದ ಹಾಗೆ ಪುಡಿ ಉದುರಿದರೆ ಆ ಶೂ ಬೇಡ. ಅಂಟು ಹಾಕಿಸೋದೂ ವ್ಯರ್ಥ, ಪುಡಿಯಾದ ಮೈಗೆ ಅಂಟು ಕಚ್ಚಲ್ಲ. ಉಗುರಿಗೆ ಗಟ್ಟಿ ಅನ್ನಿಸಿದರೂ ಶಿಬಿರಕ್ಕೆ ಮುಂಚೆ ಒಂದು ವಾರ ದಿನಾ ಒಂದು ಗಂಟೆ ಹಾಕ್ಕೊಂಡು ಓಡಾಡಲಿ. ಒಡೆಯೋದಿದ್ದರೆ ಮನೆ ಹತ್ತಿರವೇ ಒಡೆಯಲಿ.

ಬಾಗಲಕೋಟಿ_ಭೋಸರಿ | ರಾತ್ರಿ 10:30

ಹೊಸಾದು ತಗೊಳ್ಳೂದಿದ್ರ ಭಾಳ ತುಟ್ಟಿದು ಬ್ಯಾಡ್ರಿ. ಆ್ಯಕ್ಷನ್ ಕಂಪನಿ ಟ್ರೆಕ್ಕಿಂಗ್ ಶೂ ಸಹ್ಯಾದ್ರಿ ಕಲ್ಲಿಗಿ ಸರಿ ಹಿಡೀತಾವ, ಇಲ್ಲಿ ಮಂದಿ ವರ್ಷಾನುಗಟ್ಟಲೆ ಅವನ್ನೇ ಹಾಕ್ತಾರ. ಸಂಜೀಕ್ ಹೋಗಿ ಖರೀದಿ ಮಾಡ್ರಿ, ಹಗಲೆಲ್ಲಾ ಓಡ್ಯಾಡಿ ಕಾಲು ಒಂದೀಟು ಉಬ್ಬಿರ್ತಾವ. ದಪ್ಪ ಕಾಲುಚೀಲ ಹಾಕ್ಕೊಂಡ್ ಅಳತಿ ನೋಡ್ರಿ. ಮುಂದ ಹೆಬ್ಬಟ್ಟಿಗೆ ಅರ್ಧ ಇಂಚು ಜಾಗ ಇರಬೇಕ್ರಿ, ಇಲ್ಲಾಂದ್ರ ಇಳೀವಾಗ ಉಗುರು ಕರ್ರಗಾಗ್ತಾವ.

ಡೆಕ್ಕನ್_ಜಿಮಖಾನಾ_ಕನ್ನಡ | ರಾತ್ರಿ 10:37

ಒಣ ಕಲ್ಲಿಗೆ ಒಪ್ಪುತ್ತೇನೆ. ಪಾಚಿ ಕಟ್ಟಿದ ಒದ್ದೆ ಕಪ್ಪುಕಲ್ಲಿನ ಮೇಲೆ ಯಾವ ಕಂಪನಿಯ ತಳವೂ ನಿಲ್ಲಲ್ಲ. ಡಿಸೆಂಬರಲ್ಲಿ ಪಾಚಿ ಒಣಗಿರುತ್ತೆ, ಆದರೆ ಅದರ ಮೇಲೆ ಸಣ್ಣ ಮುರ್ರಂ ಹರಳು ಉರುಳ್ತಾ ಇರುತ್ತೆ. ಇಳಿಯುವಾಗ ಜಾರೋದು ಅದರಿಂದಲೇ. ಹಿಮ್ಮಡಿ ಮೊದಲು ಊರಬಾರದು, ಪೂರ್ತಿ ಪಾದ ಊರಬೇಕು, ಮೊಣಕಾಲು ಸ್ವಲ್ಪ ಬಾಗಿರಬೇಕು. ಹುಲ್ಲು ಹಿಡಿಯಬಾರದು, ಬೇರು ಸಮೇತ ಕೈಗೆ ಬರುತ್ತೆ. ಕಾರ್ವಿ ಗಿಡ ಸಿಕ್ಕರೆ ಬುಡದಲ್ಲಿ ಹಿಡಿಯಬಹುದು, ಅದೂ ಹಸಿ ಇದ್ದರೆ ಮಾತ್ರ.

ಹತ್ತನೇ_ಬೆಂಚು | ರಾತ್ರಿ 10:52

ನಾನು ಸ್ಟೂಡೆಂಟ್, ಹತ್ತನೇ ಕ್ಲಾಸು. ಆಂಟಿ, ಶಿಬಿರದ ದಿನ ಹೇಗಿರುತ್ತೆ ಅಂತ ಯಾರೂ ಹೇಳಿಲ್ಲ, ಅದಕ್ಕೆ ಬರೀತಿದ್ದೀನಿ. ಐದೂವರೆಗೆ ಸೀಟಿ. ಅರ್ಧ ಗಂಟೆಯಲ್ಲಿ ಮುಖ ತೊಳೆದು ಸಾಲಲ್ಲಿ ನಿಂತಿರಬೇಕು. ಓಟ, ವ್ಯಾಯಾಮ, ಚಹಾ, ಪೋಹೆ. ಎಂಟಕ್ಕೆಲ್ಲ ಬ್ಯಾಗ್ ಹೆಗಲಿಗೆ. ಮಧ್ಯಾಹ್ನ ಊಟ, ಆಮೇಲೆ ಗಂಟು ಕಟ್ಟೋದು, ದಿಕ್ಸೂಚಿ, ಡೇರೆ ಹಾಕೋದು. ರಾತ್ರಿ ಪಿಠಲ-ಭಾಕರಿ (ಕಡಲೆಹಿಟ್ಟಿನ ಗೊಜ್ಜು, ರೊಟ್ಟಿ) ಇಲ್ಲ ಖಿಚಡಿ. ತಟ್ಟೆ ಬೂದಿಯಲ್ಲಿ ತಿಕ್ಕಿ ತಾವೇ ತೊಳೀಬೇಕು. ಹತ್ತಕ್ಕೆ ದೀಪ ಬಂದ್.

ಮೊದಲ ರಾತ್ರಿ ಡೇರೇಲಿ ಯಾರೂ ಸರಿಯಾಗಿ ನಿದ್ದೆ ಮಾಡಲ್ಲ, ಮಾತಾಡ್ತಾನೇ ಇರ್ತಾರೆ. ಹಾಗಾಗಿ ಎರಡನೇ ದಿನ ಮಧ್ಯಾಹ್ನ ಎಲ್ಲರಿಗೂ ಕಷ್ಟ. ಅಳು ಬರೋದು, ಮನೆ ನೆನಪಾಗೋದು, ಗೆಳತಿಯರ ಜೊತೆ ಜಗಳ, ಎಲ್ಲಾ ಆವಾಗಲೇ. ಮೂರನೇ ದಿನ ಬೆಳಗ್ಗೆ ಸರಿಹೋಗುತ್ತೆ. ಇದನ್ನ ಅವಳಿಗೆ ಮೊದಲೇ ಹೇಳಿಟ್ಟರೆ ಗಾಬರಿ ಆಗಲ್ಲ.

ಬೂಟಿಗಿಂತ ದೊಡ್ಡ ತೊಂದರೆ ಟಾಯ್ಲೆಟ್ಟು. ತುಂಬಾ ಜನ ಹೋಗಲ್ಲ. ಹೋಗಬಾರದು ಅಂತ ನೀರೇ ಕುಡಿಯಲ್ಲ.

ತುರ್ತುಕೋಣೆ_ಡೊಂಬಿವಲಿ | ರಾತ್ರಿ 11:15

ಮೇಲಿನ ಮಗುವಿನ ಕೊನೆ ಸಾಲನ್ನ ಎಲ್ಲಾ ಪಾಲಕರೂ ಎರಡು ಸಲ ಓದಿ. ಶಿಬಿರದಿಂದ ಬಂದ ಮಕ್ಕಳಲ್ಲಿ ಹೊಟ್ಟೆನೋವು, ಉರಿಮೂತ್ರ, ತಲೆನೋವು, ಮಲಬದ್ಧತೆ ಕಂಡರೆ ಬಹಳ ಸಲ ಮೂಲ ಇಲ್ಲೇ. ಮಗಳಿಗೆ ಒಂದೇ ಅಳತೆ ಹೇಳಿಕೊಡಿ: ಮೂತ್ರ ತೆಳು ಹಳದಿ ಇರಬೇಕು. ಕಡು ಹಳದಿ ಆದರೆ ಆಗಲೇ ಎರಡು ಲೋಟ ನೀರು.

ಗಡ ಹತ್ತುವ ದಿನ ಕನಿಷ್ಠ ಎರಡು ಲೀಟರ್ ಬೆನ್ನ ಮೇಲೇ ಇರಲಿ. ಗುಟುಕು ಗುಟುಕಾಗಿ, ಇಪ್ಪತ್ತು ನಿಮಿಷಕ್ಕೊಮ್ಮೆ ಕುಡಿಯಲಿ. ಓಆರ್‌ಎಸ್ ದೊಡ್ಡ ಪ್ಯಾಕೆಟ್ 20.5 ಗ್ರಾಮಿನದು, ಅದನ್ನ ಪೂರ್ತಿ ಒಂದು ಲೀಟರಿಗೆ ಹಾಕಬೇಕು. ರುಚಿ ಬರಲಿ ಅಂತ ಅರ್ಧ ಬಾಟಲಿಗೆ ಇಡೀ ಪ್ಯಾಕೆಟ್ ಸುರಿದರೆ ಉಪ್ಪು ಹೆಚ್ಚಾಗಿ ವಾಂತಿ ಭೇದಿ ಜಾಸ್ತಿಯಾಗುತ್ತೆ. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರಿಗೆ ಸಮಮಟ್ಟದ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಅಂದರೆ ಚಹಾ ಚಮಚ.

ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ಹವೆ, ನಿದ್ದೆ, ಆಯಾಸ ಬದಲಾದಾಗ ಮುಟ್ಟು ಎರಡು ಮೂರು ದಿನ ಹಿಂದೆ ಮುಂದೆ ಆಗೋದು ಸಾಮಾನ್ಯ. ದಿನ ಲೆಕ್ಕ ಹಾಕಿ 'ಈಗ ಬರಲ್ಲ' ಅಂತ ಬಿಡಬೇಡಿ. ಆರು ಪ್ಯಾಡು, ಹಳೇ ಪತ್ರಿಕೆ, ಎರಡು ಜಿಪ್ ಚೀಲ ಒಟ್ಟಿಗೆ ಒಂದು ಬಟ್ಟೆ ಸಂಚಿಯಲ್ಲಿಡಿ. ಬಳಸಿದ್ದನ್ನ ಸುತ್ತಿ ಜಿಪ್ ಚೀಲಕ್ಕೆ ಹಾಕಿ ವಾಪಸ್ ತರಬೇಕು. ಹೂತರೆ ನಾಯಿ ಕೆದಕುತ್ತೆ.

ಬಾಗಲಕೋಟಿ_ಭೋಸರಿ | ರಾತ್ರಿ 11:24

ಬಯಲಿಗಿ ಹೋಗೂ ಪ್ರಸಂಗ ಬಂದ್ರ ಹಳ್ಳ, ಬಾವಿ, ಟಾಕಿಯಿಂದ 60 ಮೀಟರ್ ದೂರ ಹೋಗಬೇಕ್ರಿ. ಗೇಣುದ್ದ ಕುಣಿ ತೋಡಿ, ಆಮ್ಯಾಲ ಮಣ್ಣು ಮುಚ್ಚಬೇಕು. ಒಂದು ಸಣ್ಣ ಖುರ್ಪಿ ಡೇರೆಗೊಂದು ಇರ್ಲಿ ಅಂತ ಆಯೋಜಕರಿಗೆ ಹೇಳ್ರಿ.

ಹೊಸ_ಸದಸ್ಯ_ಥಾಣೆ | ಮಂಗಳವಾರ, ಬೆಳಗ್ಗೆ 7:05

ಇಷ್ಟೆಲ್ಲ ಯಾಕೆ? ರಾಜಗಡಕ್ಕೆ ರೋಪ್‌ವೇ ಇದೆಯಲ್ಲ. ಸುಸ್ತಾದ ಮಕ್ಕಳನ್ನ ಅದರಲ್ಲಿ ಇಳಿಸಬಹುದು.

ಗಡವಾಟೆ | ಬೆಳಗ್ಗೆ 7:19

ರೋಪ್‌ವೇ ಇರೋದು ರಾಯಗಡಕ್ಕೆ. ಅದು ಮಹಾಡದ ಹತ್ತಿರ, ಕೊಂಕಣ ಬದಿ. ರಾಜಗಡ ಪುಣೆ ಬದಿ, ಶಿವಾಜಿ ಮಹಾರಾಜರ ಮೊದಲ ರಾಜಧಾನಿ. ರಾಯಗಡ ಆಮೇಲಿನದು. ಹೆಸರು ಒಂದಕ್ಕೊಂದು ಹತ್ತಿರ ಅಂತ ಕನ್ನಡದವರು ಬಹಳ ಸಲ ಗೊಂದಲ ಮಾಡ್ಕೋತಾರೆ. ಈಗ ವೇಲ್ಹೆ ತಾಲ್ಲೂಕಿಗೇ ರಾಜಗಡ ತಾಲ್ಲೂಕು ಅಂತ ಹೆಸರಿಟ್ಟಿದ್ದಾರೆ, ಹಾಗಾಗಿ ತುರ್ತು ಕರೆ ಮಾಡುವಾಗ 'ರಾಜಗಡ' ಅಂತಷ್ಟೇ ಹೇಳಿದರೆ ಸಾಲದು, ಹಳ್ಳಿ ಹೆಸರು ಹೇಳಬೇಕು. 2025ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ 12 ಮರಾಠಾ ಕೋಟೆಗಳಲ್ಲಿ ಎರಡೂ ಇವೆ.

ವಾರಜೆ ಅಕ್ಕ, ಯಾವ ದಾರಿ ಅಂತ ಕೇಳಿ. ಗುಂಜವಣೆಯಿಂದ ಚೋರ್ ದರವಾಜಾ ದಾರಿಯಾದರೆ ಎರಡೂವರೆ ಮೂರು ಗಂಟೆ. ಕೊನೆಯಲ್ಲಿ ಕಡಿದಾದ ಕಲ್ಲು, ಕಂಬಿ ಹಿಡಿದು ಹತ್ತೋದು, ಒಬ್ಬರ ಹಿಂದೆ ಒಬ್ಬರು. ನೂರು ಮಕ್ಕಳಿದ್ದರೆ ಆ ಒಂದು ಕಡೆಯೇ ಗಂಟೆಗಟ್ಟಲೆ ಬಿಸಿಲಲ್ಲಿ ನಿಲ್ಲಬೇಕಾಗುತ್ತೆ. ಪಾಲಿ ಕಡೆಯ ದಾರಿಯಲ್ಲಿ ಅಗಲ ಮೆಟ್ಟಿಲು, ಮಕ್ಕಳ ಗುಂಪಿಗೆ ಅದೇ ವಾಸಿ. ಎರಡೂ ದಾರಿ ಮೇಲೆ ಪದ್ಮಾವತಿ ಮಾಚಿ ಅನ್ನೋ ಸಮತಟ್ಟಿಗೇ ಸೇರ್ತವೆ. ಅಲ್ಲಿಂದ ಮೇಲಿನ ಬಾಲೇಕಿಲ್ಲಾ, ಅಂದರೆ ತುದಿಯ ಒಳಕೋಟೆ, ಬೇರೆ ಲೆಕ್ಕ. ಅದರ ಕಲ್ಲುಮೆಟ್ಟಿಲು ಸವೆದು ನಯವಾಗಿವೆ, ಒಂದು ಪಕ್ಕ ಕಣಿವೆ. ದಣಿದ ಮಕ್ಕಳನ್ನ ಅಲ್ಲಿಗೆ ಹತ್ತಿಸಲೇಬೇಕು ಅಂತಿಲ್ಲ. ಅಲ್ಲಿಂದ ವಾಪಸ್ ತಿರುಗುವ ಅಧಿಕಾರ ಯಾರಿಗಿದೆ, ಶಿಕ್ಷಕರಿಗಾ ತರಬೇತುದಾರರಿಗಾ, ಕೇಳಿ.

ಡೆಕ್ಕನ್_ಜಿಮಖಾನಾ_ಕನ್ನಡ | ಬೆಳಗ್ಗೆ 7:44

ಬಾಲೇಕಿಲ್ಲಾ ಬಿಟ್ಟರೆ ರಾಜಗಡ ನೋಡಿದ ಹಾಗೇ ಅಲ್ಲ. ಕಂಬಿ ಇದೆ, ಮೂರು ಊರುಗೋಲು ನಿಯಮ ಹೇಳಿಕೊಟ್ಟರೆ ಎಂಟನೇ ಕ್ಲಾಸಿನವರು ಆರಾಮಾಗಿ ಹತ್ತುತ್ತಾರೆ. ಎರಡು ಕೈ, ಎರಡು ಕಾಲಲ್ಲಿ ಮೂರು ಯಾವಾಗಲೂ ಕಲ್ಲಿಗೆ ಅಂಟಿರಬೇಕು, ಒಂದನ್ನ ಮಾತ್ರ ಕದಲಿಸಬೇಕು.

ಗಡವಾಟೆ | ಬೆಳಗ್ಗೆ 7:51

ಹತ್ತುತ್ತಾರೆ, ಸಂಶಯ ಇಲ್ಲ. ನನ್ನ ತಕರಾರು ಇಳಿಯೋದರ ಬಗ್ಗೆ. ಮಧ್ಯಾಹ್ನ ಎರಡರ ಬಿಸಿಲಲ್ಲಿ, ಕಾಲು ನಡುಗುವಾಗ, ಕೆಳಗಿಂದ ಇನ್ನೊಂದು ಗುಂಪು ಹತ್ತಿ ಬರ್ತಿರುವಾಗ. ಹತ್ತಿಸೋದಾದರೆ ಬೆಳಗ್ಗೆ ಹತ್ತರೊಳಗೆ ಮುಗಿಸಲಿ, ಒಬ್ಬ ತರಬೇತುದಾರ ಮೇಲೆ, ಒಬ್ಬ ಕೆಳಗೆ ಇರಲಿ.

ಹಗ್ಗಗಂಟು | ಬೆಳಗ್ಗೆ 8:30

ರ‍್ಯಾಪೆಲಿಂಗ್ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ, ಅಪಾಯ ಅಂತ ಎಲ್ಲರಿಗೂ ಗೊತ್ತಿದ್ದರೂ. ಪಾಲಕರು ಹಗ್ಗದ ತಜ್ಞರಾಗಬೇಕಿಲ್ಲ. ಕೆಲವು ವಿಷಯ ಕೇಳಿದರೆ ಸಾಕು, ಉತ್ತರ ತಡವರಿಸಿದ ಕಡೆ ತೊಂದರೆ ಇದೆ ಅಂತ ತಿಳೀರಿ.

ಮಗು ಇಳಿಯುವ ಹಗ್ಗದ ಜೊತೆ ಎರಡನೇ ಸುರಕ್ಷಾ ಹಗ್ಗ ಇದೆಯಾ? ಅದನ್ನ ಮೇಲೆ ಒಬ್ಬ ತರಬೇತುದಾರ ಬಿಲೇ ಸಾಧನದ (ಹಗ್ಗ ಜಾರದ ಹಾಗೆ ತಡೆಯುವಂಥದ್ದು) ಮೂಲಕ ಹಿಡಿದಿರಬೇಕು. ಬರೀ ಕೈಯಲ್ಲಿ ಹಿಡಿಯೋದು ಲೆಕ್ಕಕ್ಕಿಲ್ಲ. ಆ ಎರಡನೇ ಹಗ್ಗಕ್ಕೆ ತನ್ನದೇ ಆಂಕರ್, ಅಂದರೆ ಬಂಡೆಗೆ ಬಿಗಿದ ಆಧಾರ, ಬೇಕು. ಎರಡೂ ಹಗ್ಗ ಒಂದೇ ಬೋಲ್ಟಿಗೆ ಕಟ್ಟಿದ್ದರೆ ಬೋಲ್ಟ್ ಕಿತ್ತಾಗ ಎರಡೂ ಒಟ್ಟಿಗೇ ಹೋಗ್ತವೆ. ನಮ್ಮ ಕಪ್ಪುಕಲ್ಲಿನ ಬಂಡೆ ಪದರ ಪದರ. ಬಡಿದಾಗ ಠಣ್ ಅಂದರೆ ಗಟ್ಟಿ, ಡಬ್ ಅಂದರೆ ಒಳಗೆ ಟೊಳ್ಳು. ಒಂದೇ ಹಗ್ಗವನ್ನ ಎರಡು ಆಂಕರಿಗೆ ಕಟ್ಟಿದ್ದರೆ, ಅವುಗಳಿಂದ ಬಂದ ಪಟ್ಟಿಗಳು ಕೂಡುವ ಕೋನ 60 ಡಿಗ್ರಿ ದಾಟಬಾರದು. 120 ಡಿಗ್ರಿ ಆಯಿತಂದರೆ ಭಾರ ಹಂಚಿಹೋಗಲ್ಲ, ಎರಡರ ಮೇಲೂ ಪೂರ್ತಿ ಭಾರ ಬೀಳುತ್ತೆ. ಬಂಡೆ ಅಂಚಿಗೆ ಹಗ್ಗ ತಾಗುವ ಕಡೆ ದಪ್ಪ ಕ್ಯಾನ್ವಾಸ್ ಹಾಸಿರಬೇಕು.

ಹಾರ್ನೆಸ್, ಅಂದರೆ ಹಗ್ಗಕ್ಕೆ ಸೇರಿಸೋಕೆ ಮೈಗೆ ಕಟ್ಟುವ ಪಟ್ಟಿಗಳು. ಸೊಂಟ ಇನ್ನೂ ತುಂಬದ ತೆಳ್ಳಗಿನ ಮಕ್ಕಳಿಗೆ ಬರೀ ಸೊಂಟದ ಹಾರ್ನೆಸ್ ಸಾಲದು, ತಲೆಕೆಳಗಾದರೆ ಜಾರಿ ಹೋಗುತ್ತೆ. ಎದೆಯದೂ ಸೇರಿದ ಪೂರ್ಣ ಹಾರ್ನೆಸ್ ಬೇಕು. ಬಕಲ್ ಹತ್ತಿರ ಹೋಗಿ ನೋಡಿ. ಹಳೇ ಮಾದರಿಯಲ್ಲಿ ಪಟ್ಟಿ ಒಮ್ಮೆ ಒಳಗೆ ಹೋಗಿ, ಮತ್ತೆ ಅದೇ ಬಕಲಿನ ಮೇಲೆ ಹಿಂದಕ್ಕೆ ಬಂದಿರಬೇಕು. ಬಕಲಿನ ಲೋಹ ಅರ್ಧ ಮುಚ್ಚಿ ಕಾಣುತ್ತೆ. ಲೋಹ ಪೂರ್ತಿ ಕಾಣ್ತಿದ್ದರೆ ಪಟ್ಟಿ ಹಿಂದಕ್ಕೆ ಬಂದಿಲ್ಲ, ಭಾರ ಬಿದ್ದಾಗ ಸರ್ರನೆ ಬಿಚ್ಚಿಕೊಳ್ಳುತ್ತೆ. ಪಟ್ಟಿ ಕಟ್ಟಿದ ಮೇಲೆ ಒಳಗೆ ನಾಲ್ಕು ಬೆರಳು ತೂರಬೇಕು, ಮುಷ್ಟಿ ತೂರಬಾರದು.

ಇನ್ನು ಕೂದಲು. ಎಂಟರ ಆಕಾರದ ಡಿಸೆಂಡರ್ (ಹಗ್ಗ ಹಾಯಿಸಿ ನಿಧಾನ ಇಳಿಯುವ ಲೋಹದ ಸಾಧನ) ಹೊಟ್ಟೆ ಎದುರಿಗೇ ಇರುತ್ತೆ. ಮಗು ಬಗ್ಗಿ ಕೆಳಗೆ ನೋಡಿದಾಗ ಜಡೆ, ಓಢಣಿ, ಸಡಿಲ ಟೀ-ಶರ್ಟು ಹಗ್ಗದ ಜೊತೆ ಅದರೊಳಗೆ ಎಳೆದುಕೊಂಡು ಹೋಗ್ತವೆ. ಭಾರ ಅದರ ಮೇಲಿರೋದರಿಂದ ಬಿಡಿಸೋಕೆ ಬರಲ್ಲ, ಮೇಲಿನವರು ಎತ್ತಬೇಕು. ಜಡೆ ಹೆಣೆದು ಕಾಲರ್ ಒಳಗೆ ಸಿಕ್ಕಿಸಿ, ಅಂಗಿ ಪ್ಯಾಂಟಿನೊಳಗೆ ತುರುಕಿ.

ಪಾನ್‌ಶೇತ್_ಪ್ರೇಮಿ | ಬೆಳಗ್ಗೆ 8:52

ಡೈನಮಿಕ್ ಹಗ್ಗ ಬಳಸ್ತಾರಾ ಅಂತ ಕೇಳಿ. ಸ್ಟ್ಯಾಟಿಕ್ ಹಗ್ಗ ಅಪಾಯ, ಹಿಗ್ಗಲ್ಲ.

ಹಗ್ಗಗಂಟು | ಬೆಳಗ್ಗೆ 9:04

ಬಂಡೆ ಏರುವವನ ಹಗ್ಗಕ್ಕೆ ಆ ಮಾತು ಸರಿ, ಬಿದ್ದಾಗ ಹಿಗ್ಗಿ ಪೆಟ್ಟು ತಗ್ಗಿಸಬೇಕು. ಇಳಿಯೋದಕ್ಕೆ 10.5 ಇಲ್ಲ 11 ಮಿಲಿಮೀಟರ್ ಸ್ಟ್ಯಾಟಿಕ್ ಹಗ್ಗವೇ ಸರಿ. ಡೈನಮಿಕ್‌ನಲ್ಲಿ ಇಳಿಸಿದರೆ ಮಗು ಮೇಲೆ ಕೆಳಗೆ ಕುಣಿಯುತ್ತೆ, ಆ ಕುಣಿತದಲ್ಲಿ ಹಗ್ಗ ಬಂಡೆ ಅಂಚಿಗೆ ಗರಗಸದ ಹಾಗೆ ತಿಕ್ಕುತ್ತೆ. ಕೇಳಬೇಕಾದ್ದು ಹಗ್ಗದ ವಯಸ್ಸು. ಬಳಸದೇ ಇಟ್ಟರೂ 10 ವರ್ಷಕ್ಕಿಂತ ಹೆಚ್ಚು ಇಡಬೇಡಿ ಅಂತ ತಯಾರಕರೇ ಹೇಳ್ತಾರೆ, ವಾರವಾರ ಶಿಬಿರಕ್ಕೆ ಬಳಸುವ ಹಗ್ಗ ಅದಕ್ಕಿಂತ ಬಹಳ ಬೇಗ ನಿವೃತ್ತಿ. ಹಗ್ಗಕ್ಕೊಂದು ದಾಖಲೆ ಪುಸ್ತಕ ಇಡುವವರು ತಕ್ಷಣ ತೋರಿಸ್ತಾರೆ.

ಸಾಂಗ್ಲಿ_ಸೊಸೆ | ಬೆಳಗ್ಗೆ 9:30

ಭಾಷೆ ವಿಷಯ ಯಾರೂ ಎತ್ತಿಲ್ಲ. ಹೊಸದಾಗಿ ಕರ್ನಾಟಕದಿಂದ ಬಂದ ಮಕ್ಕಳಿಗೆ ಇದು ದೊಡ್ಡ ತೊಡಕು. ಹಗ್ಗದ ಮೇಲೆ ಇರುವಾಗ ತರಬೇತುದಾರರು ಕೂಗೋದು ಮರಾಠಿಯಲ್ಲಿ. 'ಥಾಂಬ್' ಅಂದರೆ ನಿಲ್ಲು. 'ಸೋಡ್' ಅಂದರೆ ಬಿಡು, 'ಧರ್' ಅಂದರೆ ಹಿಡಿ. ಈ ಎರಡನ್ನ ಅದಲುಬದಲು ಮಾಡಿದರೆ ಕೆಟ್ಟಿತು. 'ಡಾವಾ' ಎಡ, 'ಉಜವಾ' ಬಲ. 'ಮಾಗೆ ಝುಕ್' ಅಂದರೆ ಹಿಂದಕ್ಕೆ ವಾಲು, 'ಪಾಯ್ ಸರಳ್' ಅಂದರೆ ಕಾಲು ನೆಟ್ಟಗೆ. 'ಖಾಲೀ' ಅಂದರೆ ಕೆಳಗೆ. ನಮ್ಮ ಮಕ್ಕಳು 'ಖಾಲಿ' ಅಂತ ಕೇಳಿ ಏನೋ ಬರಿದಾಗಿದೆ ಅನ್ಕೋತಾರೆ. 'ಇಕಡೆ' ಮಾತ್ರ ನಮ್ಮ ಈ ಕಡೆಯೇ, ಅದಕ್ಕೆ ತರ್ಜುಮೆ ಬೇಡ. 'ಸಾವಕಾಶ್' ಕೂಡ.

ಎಲ್ಲಕ್ಕಿಂತ ಮುಖ್ಯ 'ದಗಡ್!'. ಮೇಲಿಂದ ಕಲ್ಲು ಬರ್ತಿದೆ ಅಂತ ಅರ್ಥ. ಕೇಳಿದ ಕೂಡಲೇ ಮೇಲೆ ನೋಡಬಾರದು. ಬಂಡೆಗೆ ಮೈ ಒತ್ತಿ, ಕತ್ತು ತಗ್ಗಿಸಿ, ಹೆಲ್ಮೆಟ್ಟಿಗೆ ಪೆಟ್ಟು ಬೀಳಲಿ ಅಂತ ನಿಲ್ಲಬೇಕು. ಕೆಳಗೆ ಸರದಿ ಕಾಯ್ತಾ ಕೂತ ಮಕ್ಕಳಿಗೂ ಹೆಲ್ಮೆಟ್ ಬೇಕು ಅಂತ ಹೇಳಿ. ಕಲ್ಲು ಬೀಳೋದು ಅವರ ಮೇಲೇ.

ಹಗ್ಗಗಂಟು | ಬೆಳಗ್ಗೆ 9:38

ಸಾಂಗ್ಲಿ ಅಕ್ಕ, ಇದು ತಲೆಗೇ ಹೊಳೆದಿರಲಿಲ್ಲ. ಈ ಪದಗಳನ್ನ ಹಿಂದಿನ ದಿನ ನೆಲದ ಮೇಲೆ ನಿಂತೇ ಆಡಿಸಬೇಕು.

ಸತ್ತರಿ_ಕಾಡು | ಮಧ್ಯಾಹ್ನ 12:10

ಗೋವಾದಿಂದ. ಇಲ್ಲಿನ ಶಾಲೆಗಳೂ ಸತ್ತರಿ, ಮೊಲೆಂ ಕಡೆ ಶಿಬಿರ ಹಾಕ್ತವೆ. ಓದ್ತಿರೋರಲ್ಲಿ ಗೋವಾ, ದೋಡಾಮಾರ್ಗದ ಪಾಲಕರಿದ್ದರೆ ಉಣ್ಣೆ ಹುಳ ಮರೀಬೇಡಿ. 1957ರಲ್ಲಿ ನಮ್ಮ ಶಿವಮೊಗ್ಗದ ಕ್ಯಾಸನೂರಲ್ಲಿ ಪತ್ತೆಯಾದ, ಈ ಹುಳ ಕಚ್ಚಿ ಹರಡುವ ಮಂಗನ ಕಾಯಿಲೆ 2015ರಿಂದ ಸತ್ತರಿಯಲ್ಲೂ ಇದೆ. ಡಿಸೆಂಬರಿಂದ ಮೇವರೆಗೆ ಹರಡುವ ಕಾಲ, ಶಿಬಿರಗಳೂ ಆವಾಗಲೇ. ಪ್ಯಾಂಟಿನ ತುದಿ ಕಾಲುಚೀಲದೊಳಗೆ ಸೇರಿಸಿ. ತರಗೆಲೆ ಮೇಲೆ ಕೂರಬಾರದು. ಸಂಜೆ ಕಿವಿ ಹಿಂದೆ, ಕಂಕುಳು, ಸೊಂಟಪಟ್ಟಿ ಕೆಳಗೆ, ಮೊಣಕಾಲಿನ ಹಿಂದೆ ನೋಡಬೇಕು. ಕಚ್ಚಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗಿ ಹಿಡಿದು ನೇರ ಎಳೀರಿ. ಎಣ್ಣೆ, ಬೆಂಕಿಕಡ್ಡಿ ಬೇಡ. ಸತ್ತ ಮಂಗ ಕಂಡರೆ ಆ ಜಾಗ ಬಿಟ್ಟು ಶಿಬಿರ ಎತ್ತಬೇಕು. ಬಂದ ಮೇಲೆ ಒಂದೆರಡು ವಾರದೊಳಗೆ ಜ್ವರ ಬಂದರೆ ವೈದ್ಯರಿಗೆ ಕಾಡಿಗೆ ಹೋಗಿದ್ದು ಹೇಳಿ.

ಪಾನ್‌ಶೇತ್_ಪ್ರೇಮಿ | ಮಧ್ಯಾಹ್ನ 12:26

ರಾಜಗಡ ಕಡೆ ಅದೆಲ್ಲ ಇಲ್ಲ. ಅಲ್ಲಿ ಹಾವು, ಚೇಳು, ಹೆಜ್ಜೇನು.

ತುರ್ತುಕೋಣೆ_ಡೊಂಬಿವಲಿ | ಮಧ್ಯಾಹ್ನ 1:40

ಹಾಗಾದರೆ ಮೂರಕ್ಕೂ ಹೇಳಿಬಿಡ್ತೀನಿ.

ಹಾವಿನ ಮರಾಠಿ ಹೆಸರು ಗೊತ್ತಿರಲಿ: ನಾಗ ನಮ್ಮ ನಾಗರ, ಮಣ್ಯಾರ್ ಅಂದರೆ ಕಟ್ಟುಹಾವು, ಘೋಣಸ್ ಅಂದರೆ ಕೊಳಕುಮಂಡಲ, ಫುರ್ಸೆ ಅಂದರೆ ಗರಗಸ ಮಂಡಲ. ಶಿಬಿರದಲ್ಲಿ ನನಗೆ ಹೆಚ್ಚು ಭಯ ಮಣ್ಯಾರಿಂದು. ರಾತ್ರಿ ಓಡಾಡುತ್ತೆ, ನೆಲದ ಮೇಲೆ ಮಲಗಿದವರನ್ನ ಕಚ್ಚುತ್ತೆ, ನೋವು ಬಾವು ಬಹಳ ಸಲ ಇರೋದೇ ಇಲ್ಲ. ಬೆಳಗಿನ ಜಾವ ಮಗು ಹೊಟ್ಟೆನೋವು ಅಂತ ಏಳುತ್ತೆ, ರೆಪ್ಪೆ ಎತ್ತೋಕೆ ಆಗಲ್ಲ. ಅದನ್ನ ಅಜೀರ್ಣ ಅಂತ ಓಮದ ನೀರು ಕೊಟ್ಟು ಕೂರಿಸಿದರೆ ಹೊತ್ತು ಕೈ ಮೀರುತ್ತೆ. ಡೇರೆಯ ಜಿಪ್ ಪೂರ್ತಿ ತಳದವರೆಗೆ ಎಳೆದಿರಬೇಕು. ತಿಂಡಿ ಒಳಗಿಟ್ಟರೆ ಇಲಿ ಬರುತ್ತೆ, ಇಲಿ ಹಿಂದೆ ಹಾವು ಬರುತ್ತೆ. ಕಚ್ಚಿದರೆ ಕೊಯ್ಯೋದು, ಹೀರೋದು, ಬಿಗಿಯಾಗಿ ಕಟ್ಟೋದು ಯಾವುದೂ ಬೇಡ. ಉಂಗುರ, ಬಳೆ, ವಾಚು ತೆಗೀರಿ. ಮುರಿದ ಕೈಗೆ ಕಟ್ಟುವ ಹಾಗೆ ಮರದ ಪಟ್ಟಿ ಆಸರೆ ಇಟ್ಟು, ಬಿಗಿಯದೆ, ಅಲುಗದ ಹಾಗೆ ಕಟ್ಟಿ, ನಡೆಸದೆ ಹೊತ್ತು ತನ್ನಿ, 108ಕ್ಕೆ ಕರೆ ಮಾಡಿ. ವಿಷಪ್ರತಿರೋಧಕ ಔಷಧಿ ಮಕ್ಕಳಿಗೂ ದೊಡ್ಡವರಷ್ಟೇ ಬೇಕು. ಮಗು ಚಿಕ್ಕದು ಅಂತ ಪ್ರಮಾಣ ಕಡಿಮೆ ಆಗಲ್ಲ, ಒಳಗೆ ಹೋದ ವಿಷ ಕಡಿಮೆ ಇರಲ್ಲವಲ್ಲ. ಆಯೋಜಕರಿಗೆ ಕೇಳಿ: ಹತ್ತಿರದ ಯಾವ ಸರ್ಕಾರಿ ಆಸ್ಪತ್ರೆಯಲ್ಲಿ ಇವತ್ತು ಅದು ದಾಸ್ತಾನು ಇದೆ, ಶಿಬಿರದ ಗಾಡಿಯಲ್ಲಿ ಎಷ್ಟು ನಿಮಿಷ, ಆ ಗಾಡಿ ರಾತ್ರಿಯೂ ಅಲ್ಲೇ ನಿಂತಿರುತ್ತಾ.

ಚೇಳು, ಇಲ್ಲಿ ವಿಂಚೂ. ಕೆಂಪು ಚೇಳು ಮಕ್ಕಳ ಹೃದಯಕ್ಕೆ ಅಪಾಯ. ಮೈ ಬೆವತು ಕೈಕಾಲು ತಣ್ಣಗಾಗಿ ವಾಂತಿಯಾದರೆ ತಡ ಮಾಡಬಾರದು. ಪ್ರಾಜೋಸಿನ್ ಅನ್ನೋ ಮಾತ್ರೆ ಇದಕ್ಕೆ ಜೀವ ಉಳಿಸುತ್ತೆ ಅಂತ ತೋರಿಸಿಕೊಟ್ಟಿದ್ದು ಇದೇ ಸೀಮೆಯ ಮಹಾಡದ ವೈದ್ಯ ಹಿಮ್ಮತರಾವ್ ಬಾವಸ್ಕರ್, 2022ರಲ್ಲಿ ಪದ್ಮಶ್ರೀ ಬಂತು. ಬೆಳಗ್ಗೆ ಶೂ ಕೊಡವಿಯೇ ಕಾಲು ಹಾಕಬೇಕು. ಕಲ್ಲು ಎತ್ತುವಾಗ ತನ್ನ ಕಡೆಗೆ ಎತ್ತಬೇಕು, ಆಗ ಅಡಿಯ ಜೀವ ಆಚೆ ಓಡುತ್ತೆ.

ಹೆಜ್ಜೇನು: ಸೆಂಟು, ಡಿಯೋಡರೆಂಟ್ ಬೇಡ, ಗಡದ ಮೇಲೆ ಕಿರುಚಾಟ, ಹೊಗೆ ಬೇಡ. ಎದ್ದರೆ ಮುಖ ಮುಚ್ಚಿ ಓಡಬೇಕು, ಕೈ ಬೀಸಬಾರದು. ಮುಳ್ಳನ್ನ ಉಗುರಿಂದ ಕೆರೆದು ತಕ್ಷಣ ತೆಗೀರಿ.

ಮಗಳಿಗೆ ಉಬ್ಬಸ ಇದ್ದರೆ ಇನ್‌ಹೇಲರ್ ಎರಡು ಬೇಕು, ಒಂದು ಅವಳ ಜೇಬಲ್ಲಿ, ಒಂದು ತರಬೇತುದಾರರ ಬಳಿ. ಕ್ಯಾಂಪ್‌ಫೈರಿನ ಹೊಗೆ ಮತ್ತು ರಾತ್ರಿ ಚಳಿ ಸೇರಿದಾಗಲೇ ಕೆರಳೋದು. ಹತ್ತನೇ ವಯಸ್ಸಿಗೆ ಹಾಕಿಸುವ ಟಿಡಿ (ಧನುರ್ವಾಯು, ಗಂಟಲಮಾರಿ) ಚುಚ್ಚುಮದ್ದು ಆಗಿದೆಯಾ ಅಂತ ಕಾರ್ಡು ತೆಗೆದು ನೋಡಿ.

ವಾರಜೆ_ಅಮ್ಮ | ಮಧ್ಯಾಹ್ನ 2:15

ಶೂಗೆ ಉಗುರು ಒತ್ತಿ ನೋಡಿದೆ. ಒತ್ತಿದ ಕಡೆ ಬೂದಿ ಬಣ್ಣದ ಪುಡಿ ಉದುರಿತು. ಇವತ್ತು ಸಂಜೆಯೇ ಹೊಸದು ತರ್ತೀವಿ. ಕಾರ್ಡು ನೋಡಿದೆ, ಚುಚ್ಚುಮದ್ದು ಆಗಿದೆ. ಚಳಿ ಎಷ್ಟಿರುತ್ತೆ? ಬ್ಯಾಗಿನ ತೂಕ ಎಷ್ಟಿರಬೇಕು?

ಗಡವಾಟೆ | ಮಧ್ಯಾಹ್ನ 2:40

ಕಣಿವೆಯಲ್ಲಿ ಡಿಸೆಂಬರ್ ಬೆಳಗಿನ ಜಾವ 10 ಡಿಗ್ರಿ ಆಸುಪಾಸು ಇಳಿಯುತ್ತೆ, ಮಧ್ಯಾಹ್ನ ಮತ್ತೆ 28, 30. ಚಳಿ ಮೇಲಿಂದ ಬರುತ್ತೆ ಅಂತ ಎರಡು ರಗ್ಗು ಕಳಿಸ್ತಾರೆ. ನಿಜವಾಗಿ ಮೈಯ ಬಿಸಿ ಎಳೆಯೋದು ನೆಲ. ಹತ್ತು ಮಿಲಿಮೀಟರಿನ ಫೋಮ್ ಚಾಪೆ ಒಂದಿದ್ದರೆ ತೆಳು ಸ್ಲೀಪಿಂಗ್ ಬ್ಯಾಗೇ ಸಾಕು. ಡೇರೆಯ ಗಾಳಿಕಿಂಡಿ ಮುಚ್ಚಬಾರದು. ನಾಲ್ಕು ಮಕ್ಕಳ ಉಸಿರು ರಾತ್ರಿಯೆಲ್ಲ ಬಟ್ಟೆಗೆ ತಾಗಿ, ಬೆಳಗಿನ ಜಾವ ಡೇರೆ ಗೋಡೆ ಒಳಗಡೆ ಸಾಸಿವೆ ಗಾತ್ರದ ಹನಿ ಸಾಲುಗಟ್ಟಿ ನಿಂತಿರುತ್ತೆ. ಯಾರಾದರೂ ಮೊಣಕೈ ತಾಗಿಸಿದರೆ ಸ್ಲೀಪಿಂಗ್ ಬ್ಯಾಗ್ ಎಲ್ಲ ಒದ್ದೆ. ಮಲಗುವ ಮುಂಚೆ ಒಳ ಅಂಗಿ ಸಮೇತ ಎಲ್ಲಾ ಒಣಗಿದ್ದು ಹಾಕ್ಕೋಬೇಕು. ಒಂದು ಜೊತೆ ಉಣ್ಣೆ ಕಾಲುಚೀಲ ರಾತ್ರಿಗೆ ಮಾತ್ರ ಮೀಸಲು, ಹಗಲು ಮುಟ್ಟೋ ಹಾಗಿಲ್ಲ. ಜೀನ್ಸ್ ಬೇಡವೇ ಬೇಡ. ಒದ್ದೆಯಾದರೆ ತೂಕ, ಒಣಗೋಕೆ ಎರಡು ದಿನ.

ಗಡಕ್ಕೆ ಒಯ್ಯುವ ಬ್ಯಾಗು ಮೈತೂಕದ 10ರಿಂದ 15 ಶೇಕಡ. 40 ಕಿಲೋ ಮಗುವಿಗೆ ಆರು ಕಿಲೋ ಗರಿಷ್ಠ, ಅದರಲ್ಲಿ ನೀರೇ ಎರಡು ಕಿಲೋ. ನೀರು ಬೆನ್ನಿಗೆ ತಾಗಿ ಭುಜದ ಮೂಳೆ ಎತ್ತರದಲ್ಲಿರಲಿ, ಹೊರಜೇಬಲ್ಲಿ ತೂಗಾಡಿದರೆ ಹಿಂದಕ್ಕೆ ಎಳೆಯುತ್ತೆ. ಬ್ಯಾಗೊಳಗೆ ಒಂದು ದಪ್ಪ ಪ್ಲಾಸ್ಟಿಕ್ ಚೀಲ, ಬಟ್ಟೆ ಅದರೊಳಗೆ. ಟಾರ್ಚಿನ ಒಂದು ಸೆಲ್ ಉಲ್ಟಾ ಹಾಕಿಡಿ, ಬ್ಯಾಗಲ್ಲಿ ತಾನೇ ಹೊತ್ತಿಕೊಂಡು ಖಾಲಿಯಾಗಲ್ಲ. ಮುಖ್ಯವಾದ್ದು: ಬ್ಯಾಗು ಅವಳೇ ತುಂಬಲಿ. ನೀವು ತುಂಬಿದರೆ ಕತ್ತಲಲ್ಲಿ ಕಾಲುಚೀಲ ಎಲ್ಲಿದೆ ಅಂತ ಅವಳಿಗೆ ಗೊತ್ತಾಗಲ್ಲ.

ಬಾಗಲಕೋಟಿ_ಭೋಸರಿ | ಮಧ್ಯಾಹ್ನ 3:02

ತಿನ್ನೂದರ ಮಾತು ಯಾರೂ ತಗೀಲಿಲ್ಲಲ್ರಿ! ಶೇಂಗಾ ಚಟ್ನಿಪುಡಿ ಕಳಸ್ರಿ, ನೀರಿನ ಅಂಶ ಇರೂದಿಲ್ಲ, ತಿಂಗಳಾದ್ರೂ ಕೆಡೂದಿಲ್ಲ. ಅಲ್ಲಿ ಭಾಕರಿ ಇರ್ತದ, ಹುಡುಗಿಗೆ ಊಟ ಸೇರ್ತದ. ಖಡಕ್ ರೊಟ್ಟಿ ಕಳಿಸಿದ್ರ ಸ್ಟೀಲ್ ಡಬ್ಬ್ಯಾಗ ಕಳಸ್ರಿ, ಇಲ್ಲಾಂದ್ರ ಬ್ಯಾಗಿನಾಗ ಹಿಟ್ಟಾಗ್ತದ. ಗಡದ ಮ್ಯಾಲ ಚಾಕಲೇಟ್ ಕರಗತಾವ, ಲೋಣಾವಳಾ ಚಿಕ್ಕಿ ಛಲೋ. ಎಲ್ಲಾ ತಿಂಡಿ ಅಡಿಗಿ ಡೇರೆದಾಗ ಒಪ್ಪಿಸಬೇಕು, ಮಲಗೂ ಡೇರೆದಾಗ ಅಲ್ಲ. ಗಡದ ಮ್ಯಾಲ ಮಂಗ್ಯಾಗೋಳು ಪ್ಲಾಸ್ಟಿಕ್ ಸಪ್ಪಳಕ್ಕ ಬರ್ತಾವ, ಬಟ್ಟಿ ಚೀಲದಾಗ ಇಡ್ರಿ.

ಪಾನ್‌ಶೇತ್_ಪ್ರೇಮಿ | ಸಂಜೆ 5:20

ತೆಪ್ಪ ನನ್ನ ವಿಷಯ. 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮು ಒಂದೊಂದೂ ಪೂರ್ತಿ ಮುಳುಗಿದರೆ ಸುಮಾರು 190 ಕಿಲೋ ಎತ್ತುತ್ತೆ. ನಾಲ್ಕು ಡ್ರಮ್ಮಿಗೆ 760. ಆದರೆ ಅರ್ಧ ಮುಳುಗುವಷ್ಟು ಭಾರ ಮಾತ್ರ ಹಾಕಬೇಕು, ಇಲ್ಲದಿದ್ದರೆ ಒಂದು ಪಕ್ಕ ವಾಲಿದ ಕೂಡಲೇ ಮಗುಚುತ್ತೆ. ಬಿದಿರಿನ ತೂಕ ಕಳೆದರೆ ಆರು ಮಕ್ಕಳು, ಹೆಚ್ಚಿಲ್ಲ. ಮುಚ್ಚಳದ ರಬ್ಬರ್ ಸೀಲ್ ನೋಡಬೇಕು, ನೀರು ಸದ್ದಿಲ್ಲದೆ ಒಳಗೆ ಹೋಗುತ್ತೆ. ನೈಲಾನ್ ಹಗ್ಗ ಬಿದಿರಿನ ನುಣುಪಿಗೆ ಜಾರುತ್ತೆ, ಸೆಣಬಿನದು ನೆನೆದು ಬಿಗಿಯಾಗುತ್ತೆ. ಬಿದಿರು ಅಡ್ಡಡ್ಡ ಸೇರುವ ಕಡೆಯ ಚೌಕ ಕಟ್ಟಿನಲ್ಲಿ ಮೂರು ಸುತ್ತು, ಆಮೇಲೆ ಎರಡು ಬಿದಿರಿನ ನಡುವೆ ಎರಡು ಅಡ್ಡ ಸುತ್ತು ಹಾಕಿ ಹಿಂಡಬೇಕು. ಆ ಅಡ್ಡ ಸುತ್ತು ಮರೆತ ತೆಪ್ಪ ನೀರಿನ ಮಧ್ಯೆ ಬಿಚ್ಚಿಕೊಳ್ಳುತ್ತೆ.

ಲೈಫ್ ಜಾಕೆಟ್ ಹಾಕಿದ ಮೇಲೆ ಎರಡೂ ಹೆಗಲ ಪಟ್ಟಿ ಹಿಡಿದು ಮೇಲಕ್ಕೆ ಎತ್ತಿ ನೋಡಬೇಕು. ಗಲ್ಲ ದಾಟಿ ಕಿವಿವರೆಗೆ ಬಂದರೆ ಅದು ದೊಡ್ಡವರ ಅಳತೆ, ನೀರಲ್ಲಿ ಮಗು ಕೆಳಗೆ, ಜಾಕೆಟ್ ಮೇಲೆ. ಈಜು ಬರುತ್ತೆ ಅಂದವರಿಗೂ ಜಾಕೆಟ್ ಬೇಕೇ ಬೇಕು.

ಡೆಕ್ಕನ್_ಜಿಮಖಾನಾ_ಕನ್ನಡ | ಸಂಜೆ 5:41

ಮತ್ತೆ, ಕಾರ್ಯಕ್ರಮದ ಪಟ್ಟಿಯಲ್ಲಿ ಇಲ್ಲದ ನೀರಾಟಕ್ಕೆ ಇಳಿಸೋ ಹಾಗಿಲ್ಲ ಅಂತ ಬರಹದಲ್ಲಿ ಪಡೀರಿ. 2016ರ ಫೆಬ್ರವರಿ 1ರಂದು ಮುರುಡ್ ಕಡಲತೀರದಲ್ಲಿ ಪುಣೆಯಿಂದ ಪ್ರವಾಸ ಹೋಗಿದ್ದ 14 ವಿದ್ಯಾರ್ಥಿಗಳು ಮುಳುಗಿದ್ದನ್ನ ಈ ಊರು ಮರೆತಿಲ್ಲ. 2024ರ ಜೂನ್ 30ರಂದು ಲೋಣಾವಳಾದ ಭುಶಿ ಅಣೆಕಟ್ಟಿನ ಹಿಂದಿನ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಹೋದರು. ಆಯೋಜಕರಿಗೆ ಮಹಾರಾಷ್ಟ್ರ ಪ್ರವಾಸೋದ್ಯಮ ಸಂಚಾಲನಾಲಯದ ಸಾಹಸ ಪ್ರವಾಸ ನೋಂದಣಿ ಇದೆಯಾ ಅಂತಲೂ ಕೇಳಿ, 2021ರ ನೀತಿಯಿಂದ ಅದು ಬೇಕು.

ಹೊಸ_ಸದಸ್ಯ_ಥಾಣೆ | ಸಂಜೆ 6:03

ಇಷ್ಟು ಓದಿದ ಮೇಲೆ ನಾನಾದರೆ ಕಳಿಸಲ್ಲ.

ಹತ್ತನೇ_ಬೆಂಚು | ಸಂಜೆ 6:30

ಅಂಕಲ್, ಹಾಗೆ ಮಾಡಬೇಡಿ. ಪಟ್ಟಿ ಉದ್ದ ಇದೆ ಅಂತ ಅಷ್ಟೂ ಆಗಲ್ಲ. ಶಾಲೇಲಿ ಯಾರೂ ಡೇರೆ ಹಾಕೋದು ಕಲಿಸಲ್ಲ, ಕತ್ತಲಲ್ಲಿ ಒಬ್ಬಳೇ ಟಾಯ್ಲೆಟ್ಟಿಗೆ ಹೋಗೋದು ಕಲಿಸಲ್ಲ. ಶಿಬಿರದಲ್ಲಿ ಬರುತ್ತೆ.

ವಾರಜೆ_ಅಮ್ಮ | ರಾತ್ರಿ 9:12

ಕಳಿಸ್ತೀವಿ. ಹಾರ್ನೆಸ್, ಎರಡನೇ ಹಗ್ಗ, ಆಸ್ಪತ್ರೆ, ರಾತ್ರಿ ಗಾಡಿ, ನೋಂದಣಿ, ಪಾಲಿ ದಾರಿ, ಇಷ್ಟನ್ನೂ ಬರೆದು ಶಾಲೆಗೆ ಮೇಲ್ ಹಾಕಿದ್ದೇನೆ. ಮಗಳು 'ಥಾಂಬ್, ಸೋಡ್, ಧರ್' ಅಂತ ಗೋಡೆಗೆ ಚೀಟಿ ಅಂಟಿಸಿಕೊಂಡಿದ್ದಾಳೆ. ಕೊನೆ ಪ್ರಶ್ನೆ: ಬಸ್ಸಲ್ಲಿ ಅವಳಿಗೆ ವಾಂತಿ ಆಗುತ್ತೆ.

ಗಡವಾಟೆ | ರಾತ್ರಿ 9:25

ಬಸ್ಸು ಪಾಬೆ ಘಾಟಿನಿಂದಾ, ನಸರಾಪುರದಿಂದಾ ಅಂತ ಕೇಳಿ. ಪಾಬೆ ಹತ್ತಿರ, ಆದರೆ ತಿರುವೇ ತಿರುವು. ನಸರಾಪುರ ದಾರಿ ಸುತ್ತು, ಹೊಟ್ಟೆಗೆ ಹಿತ. ಹೇಗೇ ಹೋದರೂ ಮುಂದಿನ ಸೀಟು, ದೃಷ್ಟಿ ದೂರದ ಗುಡ್ಡದ ಮೇಲೆ, ಬೆಳಗ್ಗೆ ಎರಡು ಇಡ್ಲಿಗಿಂತ ಹೆಚ್ಚು ಬೇಡ, ಹಾಲು ಬೇಡವೇ ಬೇಡ.

ತುರ್ತುಕೋಣೆ_ಡೊಂಬಿವಲಿ | ರಾತ್ರಿ 9:33

ಮಾತ್ರೆ ಕೊಡೋದಾದರೆ ನಿಮ್ಮ ವೈದ್ಯರನ್ನ ಕೇಳಿ, ಬಸ್ ಹತ್ತುವ ಮುಂಚೆಯೇ ಕೊಡಬೇಕು, ವಾಂತಿ ಶುರುವಾದ ಮೇಲೆ ಉಪಯೋಗ ಕಡಿಮೆ. ಅದರಿಂದ ತೂಕಡಿಕೆ ಬರುತ್ತೆ, ಆ ದಿನವೇ ಹಗ್ಗದ ಚಟುವಟಿಕೆ ಇದ್ದರೆ ಮಾತ್ರೆ ಕೊಟ್ಟಿದ್ದನ್ನ ತರಬೇತುದಾರರಿಗೆ ಹೇಳಿಡಿ.